ಬಣ್ಣದಡಿಯ ಗೆರೆ

ಅಂಗೈ ಇಟ್ಟ ಕೂಡಲೇ ಲೋಕೇಶನಿಗೆ ಗೊತ್ತಾಯಿತು, ಇಂಜಿನ್ ಬೆಚ್ಚಗಿತ್ತು. ತಾವು ಬರುವ ಮೊದಲೇ ಯಾರೋ ಇದನ್ನು ಓಡಿಸಿ ಆರಿಸಿದ್ದಾರೆ. ದೋಣಿಯ ಹಳೆ ಇಂಜಿನ್ ಕೊಳ್ಳುವವನು ಅದು ತಣ್ಣಗಿರುವಾಗಲೇ ಹಗ್ಗ ಎಳೆದು ನೋಡಬೇಕು, ಕಾಯಿಸಿಟ್ಟ ಇಂಜಿನ್ ತನ್ನ ರೋಗ ಹೇಳುವುದಿಲ್ಲ ಎಂದು ನಿನ್ನೆ ಮೊಬೈಲಿನ ವಿಡಿಯೋದಲ್ಲಿ ಯಾರೋ ಮಲಯಾಳಿ ಮೀನುಗಾರ ಹೇಳಿದ್ದನ್ನು ಅವನು ಕೈಸನ್ನೆಯಿಂದಲೇ ಅರ್ಥ ಮಾಡಿಕೊಂಡಿದ್ದ. ಈಗ ಆ ಬಿಸಿ, ಜ್ವರದ ಮೈ ಮುಟ್ಟಿದಂತೆ, ಅಂಗೈಯಿಂದ ಅವನ ಮೈಯೊಳಕ್ಕೆ ಏರುತ್ತಿತ್ತು. ಹೇಳಬೇಕು. ಬಿಸಿ ಇದೆಯಲ್ಲ ಎಂದರೆ ಸಾಕು. ಅವನು ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಅವನ ಕೈಯನ್ನೇ ನೋಡುತ್ತಿದ್ದ ಶೆಡ್ಡಿನ ಯಜಮಾನ, ಬಾಗಲಕೋಟೆ ಕಡೆಯ ರೇವಣಸಿದ್ದ, ಯಾರೂ ಕೇಳದಿದ್ದರೂ, "ಬಿಸಿಲು ಬಿದ್ದದ ನೋಡ್ರಿ ಸಾಹೇಬ್ರ, ಅದಕ್ಕ ಸ್ವಲ್ಪ ಬೆಚ್ಚಗ ಹತ್ತತದ," ಅಂದ. ಬಿಸಿಲು ತಗಡಿನ ಸಂದಿಯಿಂದ ಇಳಿದು ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಬಿದ್ದಿತ್ತು.

"ಬಿಸಿಲಿಗೂ ಕಾಯುತ್ತೆ ಭಾವ, ಕಬ್ಬಿಣ ಅಲ್ವಾ," ಎಂದ ಶಶಿಕುಮಾರ್. ಹೆಂಡತಿಯ ತಮ್ಮ. ಚಿಕ್ಕಬಾಣಾವರದಲ್ಲಿ ತನ್ನ ಮನೆಯ ಹಿಂದೆಯೇ ಇರುವ ಕೆರೆಯ ಮೀನಿನ ಟೆಂಡರ್ ಹಿಡಿದವನು. ಹುಟ್ಟು ಹಾಕಿ ಹಾಕಿ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಂತರಗಂಗೆ ಬೆಳೆದು ಕೆರೆಯ ಅರ್ಧ ಹಸಿರು ಚಾಪೆಯಾಗಿತ್ತು, ಅದನ್ನು ಸೀಳಿಕೊಂಡು ಬಲೆಯ ಹತ್ತಿರ ಹೋಗುವಷ್ಟರಲ್ಲಿ ಮೀನು ಕದಿಯುವವರು ಇನ್ನೊಂದು ದಡದಲ್ಲಿ ಕೈ ತೊಳೆಯುತ್ತಿರುತ್ತಿದ್ದರು. ಸಣ್ಣದೊಂದು ಇಂಜಿನ್ ಇದ್ದರೆ ಇನ್ನೂ ಎರಡು ಕೆರೆ ಹಿಡಿಯಬಹುದು ಎಂಬುದು ಅವನ ಲೆಕ್ಕ. ಇಂಜಿನ್ ನೋಡಲು ಭಾವನೇ ಬೇಕು ಎಂದವನೂ ಅವನೇ. ಲೋಕೇಶ ಈ ಶೆಡ್ಡಿದ್ದ ಪೀಣ್ಯದಲ್ಲೇ ಇನ್ನೊಂದು ಗಲ್ಲಿಯ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವನು. ದಿನವಿಡೀ ಕಬ್ಬಿಣದ ತುಂಡುಗಳು ಅವನ ಮೇಜಿನ ಮೇಲೆ ಬಂದು ನಿಲ್ಲುತ್ತವೆ, ಅವನು ಒಂದೊಂದಾಗಿ ಹೂಂ, ಊಹೂಂ, ಹೂಂ ಎನ್ನುತ್ತಾ ಎಡಗಡೆಯ ಡಬ್ಬಕ್ಕೋ ಬಲಗಡೆಯ ಡಬ್ಬಕ್ಕೋ ಹಾಕುತ್ತಾನೆ. ಬಾಯಿ ತೆರೆಯುವ ಅಗತ್ಯವೇ ಇಲ್ಲದ ಕೆಲಸ. ಆ ಕೆಲಸಕ್ಕೆ ಸೇರಿದ ಮೇಲೆ ಹೀಗಾದನೋ, ಹೀಗಿದ್ದುದರಿಂದ ಆ ಕೆಲಸಕ್ಕೆ ಸೇರಿದನೋ, ಅವನಿಗೆ ಮರೆತುಹೋಗಿತ್ತು. "ಬಾಯಿ ಬಿಟ್ಟು ಹೇಳ್ರೀ, ಮೂಗಲ್ಲಿ ಸಂಸಾರ ಮಾಡೋಕಾಗಲ್ಲ," ಎಂದು ದೀಪಶ್ರೀ ಮದುವೆಯಾದ ಹೊಸತರಲ್ಲಿ ನಗುತ್ತಾ ಹೇಳುತ್ತಿದ್ದಳು. ಆಮೇಲೆ ನಗದೆ ಹೇಳತೊಡಗಿದಳು. ಈಗ ಹೇಳುವುದಿಲ್ಲ.

ಇದು ನಾಲ್ಕನೆಯ ಇಂಜಿನ್. ಬೊಮ್ಮನಹಳ್ಳಿಯ ಗೋಡೌನಿನಲ್ಲಿ ನೋಡಿದ್ದರ ಶಾಫ್ಟ್ ಅಲುಗುತ್ತಿತ್ತು, ಊಹೂಂ. ಅದಾದ ಮೇಲಿನದು ಸಮುದ್ರದಲ್ಲಿ ಓಡಿ ಬಂದದ್ದು, ಉಪ್ಪು ಒಳಗೆಲ್ಲ ಬಿಳಿ ಹೂ ಬಿಟ್ಟಿತ್ತು, ಊಹೂಂ. ಮೂರನೆಯದಕ್ಕೆ ಯಾಕೆ ಊಹೂಂ ಎಂದೆನೆಂದು ಅವನಿಗೇ ಸ್ಪಷ್ಟವಿರಲಿಲ್ಲ. ಅದರ ಸದ್ದು ಸರಿಯಿಲ್ಲವೆನ್ನಿಸಿತ್ತು, ಅಥವಾ ಅದನ್ನು ಮಾರುವವನು ತನ್ನನ್ನು ಬಿಟ್ಟು ಶಶಿಯ ಜೊತೆ ಮಾತ್ರ ಮಾತಾಡಿದ್ದು ಸರಿಯೆನ್ನಿಸಿರಲಿಲ್ಲ. ಆ ದಿನ ವಾಪಸು ಬರುವಾಗ ಶಶಿ ಬೈಕಿನ ಮೇಲಿಂದಲೇ, "ನಿಮ್ಗೆ ಇಂಜಿನ್ ಅಲ್ಲ ಭಾವ, ಹೆಣ್ಣು ತೋರಿಸ್ಬೇಕಿತ್ತು. ಜೀವ್ನ ಪೂರ್ತಿ ಬ್ರಹ್ಮಚಾರಿಯಾಗಿ ಇರ್ತಿದ್ರಿ, ನಮ್ಮಕ್ಕ ಬಚಾವಾಗ್ತಿದ್ಲು," ಎಂದಿದ್ದ. ಇಬ್ಬರೂ ನಕ್ಕಿದ್ದರು. ಹಿಂದೆ ಕೂತ ಲೋಕೇಶ ನಕ್ಕದ್ದು ಶಶಿಗೆ ಕಾಣದಿದ್ದರೂ ನಕ್ಕಿದ್ದ. ನಿನ್ನೆ ಊಟದ ಹೊತ್ತಿಗೆ ಅತ್ತೆ ನಾಗಲಕ್ಷ್ಮಮ್ಮ ಮುದ್ದೆ ಬಡಿಸುತ್ತಾ ಯಾರನ್ನೂ ನೋಡದೆ, "ಎಲ್ಲಾದ್ಕೂ ಇಂಗೆ ಅಡ್ಡಗಾಲಾಕಿದ್ರೆ ಮಗ ಯಾವತ್ತು ದುಡಿಯೋದು," ಎಂದಿದ್ದರು. ಮುದ್ದೆ ಅವನ ತಟ್ಟೆಗೇ ಬಿದ್ದಿತ್ತು. ಅವರ ಕಟ್ಟಡ, ಅವನು ಸಂಸಾರ ಹೂಡಿದ್ದು ಅವರ ಎರಡನೇ ಮಹಡಿಯಲ್ಲಿ. ಬಾಡಿಗೆಯವರು ನೀರಿನ ಮೋಟರಿನ ಬೀಗದ ಕೈ ಕೇಳಲು ಬಂದಾಗ, ಓನರ್ ಅಳಿಯನ ಹತ್ರ ಇದೆ ಕೇಳಿ, ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಅವನಿಗೆ ಮೆಟ್ಟಿಲಿನಿಂದ ಕೇಳಿಸುತ್ತದೆ. ಅವನಿಗೊಂದು ಹೆಸರಿದೆಯೆಂದು ಆ ಕಟ್ಟಡಕ್ಕೆ ಗೊತ್ತಿಲ್ಲ.

ರೇವಣಸಿದ್ದ ನೀರು ತುಂಬಿದ ಡ್ರಮ್ಮಿನ ಅಂಚಿಗೆ ಹಲಗೆ ಕಟ್ಟಿ ಇಂಜಿನ್ನನ್ನು ಅದಕ್ಕೆ ಸಿಕ್ಕಿಸಿದ್ದ. "ನಾರಾಯಣಪುರದ ಹಿನ್ನೀರಿನ್ಯಾಗ ಓಡಿದ್ದರಿ. ಸಿಹಿನೀರು. ಉಪ್ಪಿನ ಮಾರಿ ನೋಡಿಲ್ಲ ಇದು. ಎಳೀರಿ ತಮ್ಮಾರ, ಎಳೀರಿ." ಶಶಿ ಹಗ್ಗ ಎಳೆದ. ಒಂದೇ ಎಳೆತಕ್ಕೆ ಇಂಜಿನ್ ಹತ್ತಿತು, ತಗಡಿನ ಶೆಡ್ಡು ಪೂರ್ತಿ ಆ ಸದ್ದನ್ನು ಹಿಡಿದು ಅಲುಗಿಸಿತು. ಡ್ರಮ್ಮಿನ ನೀರು ಕುದಿಯುವಂತೆ ಎದ್ದಿತು. ಇಂಜಿನ್ನಿನ ಪಕ್ಕದ ಸಣ್ಣ ರಂಧ್ರದಿಂದ ಬಿಸಿನೀರಿನ ಎಳೆಯೊಂದು ಚಿಮ್ಮಿ ಶಶಿಯ ಚಪ್ಪಲಿಯ ಮೇಲೆ ಬಿತ್ತು. "ಉಚ್ಚಿ ಹೊಯ್ಯಾಕತ್ತದ ನೋಡ್ರಿ," ಎಂದು ರೇವಣಸಿದ್ದ ಕಿರುಚಿದ. "ಮನಷ್ಯಾಗ ಹೆಂಗೋ ಇದಕ್ಕೂ ಹಂಗ. ಉಚ್ಚಿ ನಿಲ್ಲಬಾರದು, ನಿಂತ್ರ ಕಾಯಿಲಿ." ಶಶಿ ಬಿದ್ದು ಬಿದ್ದು ನಕ್ಕ. ಲೋಕೇಶನೂ ತುಟಿ ಅಗಲಿಸಿದ, ಆದರೆ ಅವನ ಕಣ್ಣು ಆಗಲೇ ಬೇರೆ ಕಡೆಗಿತ್ತು. ಕ್ಲಾಂಪಿನ ಮೇಲೆ. ದೋಣಿಯ ಹಿಂಬದಿಯ ಹಲಗೆಯನ್ನು ಎರಡು ಕೊಕ್ಕೆಗಳಿಂದ ಕಚ್ಚಿಕೊಂಡು ಇಡೀ ಇಂಜಿನ್ನನ್ನು ಹೊತ್ತಿರುವ ಭಾಗ ಅದು. ಉಳಿದೆಲ್ಲ ಬಣ್ಣ ಮಾಸಿದ್ದರೂ ಎಡಗೊಕ್ಕೆಯ ಮೇಲೆ ಮಾತ್ರ ಕಪ್ಪು ಬಣ್ಣ ಹೊಸದಾಗಿತ್ತು. ಅವನು ಬಗ್ಗಿ ಹೆಬ್ಬೆರಳು ಇಟ್ಟ. ಬಣ್ಣದಡಿಯಲ್ಲಿ ಕೂದಲಿನಷ್ಟು ತೆಳುವಾದ ಗೆರೆ. ಇಂಜಿನ್ ಅಲುಗಿದಾಗಲೆಲ್ಲ ಆ ಗೆರೆ ಬೆರಳಿನ ಕೆಳಗೆ ತೆರೆದುಕೊಂಡಿತು, ಮುಚ್ಚಿಕೊಂಡಿತು. ಮಲಗಿದವರ ರೆಪ್ಪೆ ಮುಟ್ಟಿದಂತಾಗಿ ಅವನು ಕೈಯೆಳೆದುಕೊಂಡ.

ಬಿರುಕು. ಎರಕದ ಬಿರುಕು ಅವನಿಗೆ ಗೊತ್ತು, ತಪಾಸಣೆಯ ಬಣ್ಣ ಹಚ್ಚಿದಾಗ ಬಿಳಿ ಪುಡಿಯ ಮೇಲೆ ಕೆಂಪಗೆ ಮೂಡುವ ಅದರ ಮುಖವೇ ಅವನ ಹನ್ನೊಂದು ವರ್ಷದ ಅನ್ನ. ಇದು ಒಂದು ದಿನ ಬಿಡುತ್ತದೆ. ನಿಂತಾಗ ಬಿಡುವುದಿಲ್ಲ, ವೇಗದಲ್ಲಿ ತಿರುಗಿಸಿದಾಗ, ಅಂತರಗಂಗೆಯ ಬೇರು ಸಿಕ್ಕಿ ಜಗ್ಗಿದಾಗ ಬಿಡುತ್ತದೆ. ಆಗ ಇಂಜಿನ್ ನೀರಿಗೆ ಬೀಳಬಹುದು. ಬೀಳದೆ ಒಂದು ಕೊಕ್ಕೆಯ ಮೇಲೆ ತಿರುಗಿ, ಪ್ರೊಪೆಲ್ಲರಿನ ರೆಕ್ಕೆ ತಿರುಗುತ್ತಿರುವಾಗಲೇ ದೋಣಿಯ ಒಳಗೆ, ಹಿಂದೆ ಕೂತವನ ಮಡಿಲಿಗೆ ಬರಲೂಬಹುದು. ಲೋಕೇಶ ತಲೆಯೆತ್ತಿದ. ಶಶಿ ಹಿಡಿಕೆ ತಿರುವಿ ಸದ್ದು ಏರಿಸುತ್ತಿದ್ದ. ಅವನ ಹುಬ್ಬು ಮೇಲೇರಿತು, ಏನು ಭಾವ, ಓಕೇನಾ ಎಂಬಂತೆ.

"ಊಹೂಂ," ಎಂದ ಲೋಕೇಶ.

ಶಶಿಯ ಮುಖ ಅರಳಿತು. ಅವನು ಇಂಜಿನ್ ಆರಿಸಿದ, ಒಮ್ಮೆಲೇ ಬಿದ್ದ ಮೌನದಲ್ಲಿ ರೇವಣಸಿದ್ದನ ಕೈ ಹಿಡಿದು ಕುಲುಕಿದ. "ಮುಗೀತು ಗುರು. ಭಾವನೇ ಹೂಂ ಅಂದ್ಮೇಲೆ ಮುಗೀತು. ಇವ್ರ ಬಾಯಲ್ಲಿ ಹೂಂ ಬರೋದು ಅಂದ್ರೆ ದೇವ್ರು ಹೂವು ಕೊಟ್ಟಂಗೆ."

ಮೊದಲಿನ ಊಕಾರವನ್ನು ಇಂಜಿನ್ ನುಂಗಿತ್ತು. ಉಳಿದ ಬಾಲವಷ್ಟೇ ಶಶಿಯ ಕಿವಿಗೆ ಬಿದ್ದಿತ್ತು. ಎಂಥ ಭಾಷೆ ಇದು, ಒಪ್ಪಿಗೆಯನ್ನು ನಿರಾಕರಣೆಯ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ. ಅತ್ತೆಯ ಬಾಯಲ್ಲಂತೂ ಹಕಾರವೇ ಬಿದ್ದುಹೋಗುತ್ತದೆ, ಅವರಿಗೆ ಹೌದು ಎಂದರೆ ಊಂ, ಇಲ್ಲ ಎಂದರೆ ಅದಕ್ಕಿಂತ ತುಸು ಉದ್ದದ ಇನ್ನೊಂದು ಊಂ, ಅಷ್ಟೇ ವ್ಯತ್ಯಾಸ. ಲೋಕೇಶ ಬಾಯಿ ತೆರೆದ. ಈಗ ಸದ್ದಿರಲಿಲ್ಲ, ಈಗ ಹೇಳಿದರೆ ಕೇಳುತ್ತಿತ್ತು. ಆದರೆ ಶಶಿ ಅವನ ಹೆಗಲ ಮೇಲೆ ಕೈ ಹಾಕಿದ್ದ. ಎಂಟು ವರ್ಷದಲ್ಲಿ ಶಶಿ ಹೀಗೆ ಹೆಗಲ ಮೇಲೆ ಕೈ ಹಾಕಿದ್ದು ನೆನಪಿರಲಿಲ್ಲ. ಬೆವರಿನ ಆ ಭಾರವಾದ ಕೈ ಹಿತವಾಗಿತ್ತು. ರೇವಣಸಿದ್ದ, "ಸಾಹೇಬ್ರು ಮಾಲು ಗುರುತಿಸೋ ಮಂದಿ," ಎನ್ನುತ್ತಾ ಕಣ್ಣು ತಪ್ಪಿಸಿ ಛಾ ತರಿಸಲು ಕೂಗು ಹಾಕಿದ. ಅವನಿಗೆ ಕೇಳಿಸಿತ್ತೇ, ಊಹೂಂ ಎಂದದ್ದು? ಅವನು ಹೆಬ್ಬೆರಳನ್ನು ನೋಡಿದ್ದ, ಖಂಡಿತ ನೋಡಿದ್ದ. ಈಗ ಆ ಗೆರೆ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಮಾರಿದವನಿಗೆ ಮತ್ತು ತನಗೆ. ಲೋಕೇಶ ಛಾ ಕುಡಿದ. ಬಿಸಿಯಾಗಿತ್ತು, ನಾಲಗೆ ಸುಟ್ಟಿತು, ಅದೂ ಹೇಳಲಿಲ್ಲ. ರೇವಣಸಿದ್ದ ಇಂಜಿನ್ನಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದ, ಚೂರೊಂದನ್ನು ಮೊದಲು ಲೋಕೇಶನ ಕೈಗೇ ಕೊಟ್ಟ.

ಲಗೇಜ್ ಆಟೋದ ಹಿಂದೆ ಇಂಜಿನ್ನನ್ನು ಗೋಣಿಚೀಲದ ಮೇಲೆ ಮಲಗಿಸಿ, ಅದು ಉರುಳದಂತೆ ಹಿಡಿದುಕೊಂಡು ಲೋಕೇಶ ಕುಳಿತ. ಶಶಿ ಬೈಕಿನಲ್ಲಿ ಹಿಂದೆಯೇ ಬರುತ್ತಿದ್ದ. ಜಾಲಹಳ್ಳಿ ಕ್ರಾಸಿನ ಗುಂಡಿಗಳಲ್ಲಿ ಇಂಜಿನ್ ಎದ್ದು ಎದ್ದು ಅವನ ತೊಡೆಗೆ ಬಡಿಯಿತು. ಬರೀ ಬಣ್ಣದ ಗೆರೆಯೂ ಇರಬಹುದಲ್ಲ. ಬ್ರಶ್ಶಿನ ಕೂದಲೊಂದು ಅಂಟಿಕೊಂಡು ಒಣಗಿರಬಹುದು. ಹಾಗಿದ್ದರೆ ತಾನು ಹೇಳದಿದ್ದುದರಲ್ಲಿ ತಪ್ಪೇನೂ ಇಲ್ಲ. ಅವನು ಉಗುರಿನಿಂದ ಕೆರೆದ. ಹೊಸ ಬಣ್ಣದ ಚಕ್ಕೆಯೊಂದು ಎದ್ದು ಬಂತು. ಅದರಡಿ ಬೂದು ಲೋಹ, ಲೋಹದಲ್ಲಿ ಅದೇ ಗೆರೆ, ಇನ್ನೂ ಕಪ್ಪಗೆ, ಇನ್ನೂ ಉದ್ದಕ್ಕೆ. ಚಕ್ಕೆಯನ್ನು ರಸ್ತೆಗೆ ಬಿಟ್ಟ, ಅದು ಶಶಿಯ ಬೈಕಿನ ಚಕ್ರದ ಕಡೆಗೆ ಹಾರಿತು. ಶಶಿ ಅವನನ್ನು ನೋಡಿ ಹೆಬ್ಬೆರಳೆತ್ತಿದ. ಹೆಲ್ಮೆಟ್ಟಿಲ್ಲದ ತಲೆ, ಗಾಳಿಗೆ ಹಾರುವ ಕೂದಲು, ಅಕ್ಕನದೇ ಮೂಗು. ಈ ಮುಖ ನೀರಿನಡಿಯಲ್ಲಿ ಹೇಗಿರುತ್ತದೆ ಎಂದು ಯಾರೋ ಕೇಳಿದರು. ಯಾರೂ ಕೇಳಿರಲಿಲ್ಲ. ಆ ಪ್ರಶ್ನೆಯ ಹಿಂದೆಯೇ, ಅವಸರವಿಲ್ಲದೆ, ಬಾಡಿಗೆಯವರು ಮೆಟ್ಟಿಲು ಹತ್ತಿ ಬರುವಂತೆ ಇನ್ನೊಂದು ಬಂತು: ಶಶಿ ಇಲ್ಲದಿದ್ದರೆ ಆ ಕಟ್ಟಡ ಯಾರದು. ಲೋಕೇಶ ಇಂಜಿನ್ನನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಇದು ತನ್ನ ಯೋಚನೆಯಲ್ಲ. ತನ್ನದಾಗಿದ್ದರೆ ಇಷ್ಟು ಹೆದರಿಕೆ ಯಾಕಾಗುತ್ತಿತ್ತು. ಅಥವಾ ತನ್ನದಾದ್ದರಿಂದಲೇ ಇಷ್ಟು ಹೆದರಿಕೆಯೇ. ಊಹೂಂ ಎಂದಿದ್ದೆ, ನಿಜವಾಗಿ ಎಂದಿದ್ದೆ, ಅದು ದೇವರಿಗೆ ಗೊತ್ತು. ಆದರೆ ಎಷ್ಟು ಗಟ್ಟಿಯಾಗಿ ಎಂದೆ? ಕೇಳಲಿ ಎಂದು ಎಂದೆನೋ, ಎಂದೆನೆಂದು ಆಮೇಲೆ ಹೇಳಿಕೊಳ್ಳಲು ಎಂದೆನೋ?

ಸಿಗ್ನಲ್ಲಿನಲ್ಲಿ ಶಶಿ ಪಕ್ಕಕ್ಕೆ ಬಂದು ಕಾಲೂರಿ ನಿಂತ. "ಯಾಕ್ ಭಾವ, ಮುಖ ಹಿಂಗ್ ಬಿಳಿಚ್ಕೊಂಡಿದೆ?"

"ಏನಿಲ್ಲ. ಹೊಗೆ."

"ಇವತ್ತು ಸಾಯಂಕಾಲ ಮೊದಲ್ನೇ ಮೀನು ನಿಮ್ಗೇ. ನಿಮ್ ಹೆಸ್ರಲ್ಲೇ ಬಲೆ ಹಾಕ್ತೀನಿ." ಹಸಿರು ದೀಪ ಬಿತ್ತು. ಹಿಂದಿನ ಬಸ್ಸು ಹಾರನ್ ಮಾಡಿತು. ನಾಲಗೆಯ ತುದಿಗೆ ಬಂದಿದ್ದು ಸುಟ್ಟ ಜಾಗದಲ್ಲಿ ಚುರುಗುಟ್ಟಿ ಅಲ್ಲೇ ಉಳಿಯಿತು. ಮನೆಗೆ ಹೋಗಿ ಹೇಳುತ್ತೇನೆ, ಅಲ್ಲಿ ಸದ್ದಿರುವುದಿಲ್ಲ ಎಂದುಕೊಂಡ.

ಕೆರೆಯ ಹತ್ತಿರ ಸದ್ದಿರಲಿಲ್ಲ. ದಡದ ಹೊಂಗೆ ಮರದ ಕೆಳಗೆ ನಾಗಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ದೀಪಶ್ರೀ. ಎದುರಿನ ದಡದಲ್ಲಿ ಹೊಸ ಅಪಾರ್ಟ್‌ಮೆಂಟುಗಳ ಗಾಜು ಹೊಳೆಯುತ್ತಿತ್ತು, ನೀರಿನಿಂದ ಕೊಳೆತ ಸೊಪ್ಪಿನ, ಸಾಬೂನಿನ ವಾಸನೆ ಏಳುತ್ತಿತ್ತು. "ಅಳಿಯಂದ್ರು ಊಂ ಅಂದ್ರಂತೆ," ಎಂದರು ಅತ್ತೆ, ಶಶಿ ಆಗಲೇ ಫೋನಿನಲ್ಲಿ ಹೇಳಿದ್ದ. "ನಿನ್ನೆ ನಾನು ಏನೋ ಅಂದ್ಬುಟ್ಟೆ, ಮನ್ಸಿಗಾಕ್ಕಬ್ಯಾಡಿ." ಎಂದೂ ಹೀಗೆ ಹೇಳದವರು. ಲೋಕೇಶನಿಗೆ ಕೂಗಿಬಿಡಬೇಕೆನ್ನಿಸಿತು. ಇವರು ಬೈದಿದ್ದರೆ ಹೇಳಿಬಿಡುತ್ತಿದ್ದೆ. ಇವರೆಲ್ಲ ಒಟ್ಟಾಗಿ ತನ್ನ ಬಾಯಿಗೆ ಬೆಲ್ಲ ತುರುಕುತ್ತಿದ್ದಾರೆ.

ಶಶಿ ಮತ್ತು ಆಟೋದವನು ಇಂಜಿನ್ನನ್ನು ದೋಣಿಗೆ ಸಿಕ್ಕಿಸಿದರು. ಶಶಿ ಕ್ಲಾಂಪಿನ ತಿರುಪುಗಳನ್ನು ಬಿಗಿ ಮಾಡಿದ, ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಪ್ರತಿ ಸುತ್ತಿಗೂ ಲೋಕೇಶ ಹಲ್ಲು ಕಚ್ಚಿಕೊಂಡ. "ಮೊದ್ಲು ನಾನೊಬ್ನೇ ಒಂದು ರೌಂಡ್ ಹಾಕ್ತೀನಿ," ಎಂದು ಶಶಿ ಹಗ್ಗ ಎಳೆದ. ದೋಣಿ ಮೂತಿಯೆತ್ತಿ ಓಡಿತು. ಅಂತರಗಂಗೆ ಎರಡು ಪಾಲಾಗಿ ದಾರಿ ಬಿಟ್ಟಿತು, ಅದರ ಮೇಲೆ ಕುಳಿತಿದ್ದ ಬೆಳ್ಳಕ್ಕಿಗಳು ಎದ್ದವು. ಅತ್ತೆ ಮಗುವಿನಂತೆ ನಕ್ಕರು. ಲೋಕೇಶ ಸದ್ದನ್ನು ಮಾತ್ರ ಕೇಳುತ್ತಿದ್ದ. ಸದ್ದು ಇರುವವರೆಗೂ ಶಶಿ ಇದ್ದಾನೆ. ಅದು ತಿರುವಿನಲ್ಲಿ ತುಸು ಕೆಳಗಿಳಿದಾಗ ಇವನ ಉಸಿರು ನಿಂತಿತು, ಮತ್ತೆ ಏರಿದಾಗ ಉಸಿರು ಬಂತು. ಕೆರೆಯ ನಡುವೆ ದೋಣಿ ಒಂದು ಕಪ್ಪು ಚುಕ್ಕೆಯಾಯಿತು. ಆ ಚುಕ್ಕೆಯೊಳಗೆ ಕೂದಲಿನಷ್ಟು ತೆಳುವಾದ ಗೆರೆ ಇಲ್ಲಿಂದಲೇ ಅವನಿಗೆ ಕಾಣುತ್ತಿತ್ತು, ತೆರೆದು, ಮುಚ್ಚಿ, ತೆರೆದು.

"ಶಶಿಗೆ ಈಜು ಬರುತ್ತಾ?" ಎಂದು ಕೇಳಿದ. ಕೇಳಿದ ಮೇಲೆ ತನ್ನ ಧ್ವನಿಯೆಂದು ತಿಳಿಯಿತು.

ದೀಪಶ್ರೀ ಕೆರೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. "ನಮ್ಮನೇಲಿ ಯಾರ್ಗೂ ಬರಲ್ಲ. ಕೆರೆ ಕೆಳ್ಗೆ ಗದ್ದೆ ಮಾಡ್ದೋರು ನಾವು, ಕೆರೆಗೆ ಇಳ್ದೋರಲ್ಲ." ಆಮೇಲೆ, "ಯಾಕೆ ಕೇಳಿದ್ರಿ?"

"ಸುಮ್ನೆ."

ಅವಳು ಅವನ ಹಣೆ ನೋಡಿದಳು, ಕುತ್ತಿಗೆಯಿಂದ ಅಂಗಿಯೊಳಕ್ಕೆ ಇಳಿಯುತ್ತಿದ್ದ ಬೆವರು ನೋಡಿದಳು, ಒಂದನ್ನೊಂದು ಹಿಚುಕುತ್ತಿದ್ದ ಅವನ ಕೈಗಳನ್ನು ನೋಡಿದಳು. ಎಂಟು ವರ್ಷ ಅವನ ಮೂಗಿನ ಸದ್ದುಗಳಿಂದಲೇ ಅವನ ಹಸಿವು, ಕೋಪ, ನಿದ್ದೆಗಳನ್ನು ಓದಿಕೊಂಡು ಬಂದವಳು. ಲೋಕೇಶ ಮುಖ ತಿರುಗಿಸಿದ. ಚುಕ್ಕೆ ದೊಡ್ಡದಾಗುತ್ತಿತ್ತು. ಬಂದುಬಿಟ್ಟ. ಇನ್ನೇನಿಲ್ಲ, ಈಗ ಇಂಜಿನ್ ಕಳಚಿದ ಮೇಲೆ ಮೆಲ್ಲಗೆ ಹೇಳುತ್ತೇನೆ, ಶಶಿ, ಅದೊಂದು ಕ್ಲಾಂಪು ಬದಲಾಯಿಸಿಬಿಡೋಣ, ಹಳೆಯದು ನೋಡು ಎಂದು. ಹೇಗೆ ಹೇಳಬೇಕೆಂಬ ವಾಕ್ಯ ಕೂಡ ಸಿದ್ಧವಾಯಿತು. ಸುಲಭದ ವಾಕ್ಯ.

ದೋಣಿ ದಡಕ್ಕೆ ತಾಗಿತು, ಇಂಜಿನ್ ಮೆಲ್ಲಗೆ ಗುಡುಗುತ್ತಲೇ ಇತ್ತು. "ಬೆಣ್ಣೆ ಅಕ್ಕ, ಬೆಣ್ಣೆ," ಎಂದ ಶಶಿ, ಕೆರೆಯ ಕಡೆಗೇ ಮುಖ ಮಾಡಿ ಹಿಡಿಕೆ ಹಿಡಿದು. "ಭಾವ ಬನ್ನಿ, ಕೂತ್ಕೊಳಿ."

ದೀಪಶ್ರೀ ಚಪ್ಪಲಿ ಕಳಚಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಸ್ಕೂಟರಿನ ಹಿಂದೆ ಕೂರುವಾಗಲೂ ಅವನ ಅಂಗಿ ಬಿಗಿಯಾಗಿ ಹಿಡಿಯುವವಳು ಒಂದು ಮಾತೂ ಆಡದೆ ಕೆಸರಿಗಿಳಿದು, ದೋಣಿಯ ಅಂಚು ಹಿಡಿದು ಒಳಗೆ ಕಾಲಿಟ್ಟಳು. ಹಿಂದಿನ ಹಲಗೆಯ ಮೇಲೆ, ಇಂಜಿನ್ನಿನ ಪಕ್ಕದಲ್ಲೇ ಕುಳಿತಳು. ಕುಳಿತು ಲೋಕೇಶನ ಕಡೆ ತಿರುಗಿದಳು. ನಗಲಿಲ್ಲ, ಕರೆಯಲಿಲ್ಲ. ಸುಮ್ಮನೆ ಅವನನ್ನೇ ನೋಡುತ್ತಾ ಕುಳಿತಳು.

"ಹೋಗೋಣ್ವಾ ಅಕ್ಕ?" ಶಶಿ ಹಿಡಿಕೆ ತಿರುವಿದ.

"ಬೇಡ." ಲೋಕೇಶನ ಗಂಟಲು ಹರಿದಂತಾಯಿತು. "ಬೇಡ, ಇಳಿ, ದೀಪಾ ಇಳಿ. ಆಫ್ ಮಾಡೋ ಶಶಿ. ಕ್ಲಾಂಪು ಬಿರುಕು ಬಿಟ್ಟಿದೆ. ಎಡಗಡೇದು. ಆಫ್ ಮಾಡು." ಇಂಜಿನ್ನಿನ ಸದ್ದಿನ ಮೇಲೆ ಆ ಮಾತು ಒಂದೊಂದು ಅಕ್ಷರವೂ ಬಿಡದೆ ಕೇಳಿಸಿತು. ದಡದ ಆ ತುದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು.

ಶಶಿ ಇಂಜಿನ್ ಆರಿಸಿದ. ಬಗ್ಗಿದ. ಜೇಬಿನಿಂದ ಬೈಕಿನ ಬೀಗದ ಕೈ ತೆಗೆದು ಎಡಗೊಕ್ಕೆಯನ್ನು ಕೆರೆದ, ಇನ್ನಷ್ಟು ಕೆರೆದ. ಕೊಕ್ಕೆಯನ್ನು ಹಿಡಿದು ಜಗ್ಗಿದ. ಟಣ್ಣೆಂಬ ಸಣ್ಣ ಸದ್ದು ದಡದವರೆಗೂ ಬಂತು, ಅವನ ಕೈಯಲ್ಲಿ ಕೊಕ್ಕೆಯ ಅರ್ಧ ಭಾಗ ಉಳಿಯಿತು. ಇಂಜಿನ್ ಒಂದು ಕಡೆಗೆ ವಾಲಿತು. ದೀಪಶ್ರೀ ಕಾಲು ಹಿಂದಕ್ಕೆ ಎಳೆದುಕೊಂಡಳು. ಶಶಿ ಆ ತುಂಡನ್ನು ಅಂಗೈಯಲ್ಲಿಟ್ಟು ತುಂಬಾ ಹೊತ್ತು ನೋಡಿದ. ತಾನು ಇದರ ಮೇಲೆ ಕೆರೆಯ ನಡುವಿನವರೆಗೆ ಹೋಗಿ ಬಂದದ್ದನ್ನು ಅವನು ನೋಡುತ್ತಿದ್ದ.

"ಯಾವಾಗ್ ನೋಡಿದ್ರಿ ಭಾವ ಇದನ್ನ?"

ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಬರೀ ಪ್ರಶ್ನೆ. ಹೂಂ ಊಹೂಂಗಳಲ್ಲಿ ಉತ್ತರಿಸಲಾಗದ ಪ್ರಶ್ನೆ. ಶೆಡ್ಡಿನಲ್ಲೇ ನೋಡಿದೆ, ಹೇಳಿದೆ, ನಿನಗೆ ಕೇಳಲಿಲ್ಲ. ಹಾಗಾದರೆ ಆಮೇಲೆ?

"ಈಗ ತಾನೆ ಕಣೋ," ಎಂದಳು ದೀಪಶ್ರೀ, ದೋಣಿಯಿಂದ ಇಳಿಯುತ್ತಾ. "ನಾನು ಹತ್ತುವಾಗ ಹತ್ರ ಬಂದು ಬಗ್ಗಿದ್ರಲ್ಲ, ಆಗ ಕಾಣ್ತು ಅವ್ರಿಗೆ. ನೀನು ಆ ಕಡೆ ತಿರುಗಿದ್ದೆ."

ಲೋಕೇಶ ಬಗ್ಗಿರಲಿಲ್ಲ. ಅವನು ನಿಂತಿದ್ದದ್ದು ಹೊಂಗೆ ಮರದ ಬುಡದಲ್ಲಿ, ದೋಣಿ ಇದ್ದದ್ದು ನೀರಿನಲ್ಲಿ, ನಡುವೆ ಎತ್ತಿನಗಾಡಿ ತಿರುಗುವಷ್ಟು ಜಾಗ. ಶಶಿ ಆ ಜಾಗವನ್ನು ಅಳೆಯಲಿಲ್ಲ. ಅವನು ದಡಕ್ಕೆ ಹಾರಿ ಬಂದು ಲೋಕೇಶನನ್ನು ಎರಡೂ ತೋಳಿನಿಂದ ಹಿಡಿದುಕೊಂಡ. "ಆ ಬಾಗಲಕೋಟೆ ನನ್ಮಗ ಬಣ್ಣ ಬಳ್ದು ಕೊಟ್ಟಿದಾನೆ ಭಾವ. ಬಿಡಲ್ಲ ಅವ್ನನ್ನ. ನೀವಿಲ್ದೇ ಇದ್ದಿದ್ರೆ ಅಕ್ಕ ಹೋಗ್ಬಿಡ್ತಿದ್ಲು."

"ನಮ್ಮ ಅಳಿಯಂದ್ರು ದೇವ್ರು ಬಂದಂಗೆ ಬಂದ್ರು," ಎಂದು ಅತ್ತೆ ಅಳುತ್ತಿದ್ದರು. ಇಂಜಿನ್ನಿಗೆಂದು ತಂದ ಆರತಿಯ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. "ಬಾ ದೀಪಾ, ಜೋಡಿಯಾಗಿ ನಿಂತ್ಕಳಿ, ದೃಷ್ಟಿ ತೆಗೀತೀನಿ. ಯಾರ್ ಕಣ್ಣೋ ಏನೋ."

ದೀಪಶ್ರೀ ಬಂದು ಪಕ್ಕದಲ್ಲಿ ನಿಂತಳು. ಅವಳ ಕಾಲಿನ ಕೆಸರು ಒಣಗುತ್ತಿತ್ತು. ಅವಳ ಭುಜ ಅವನ ಭುಜಕ್ಕೆ ತಾಗಿತು, ಅವಳು ಸರಿದುಕೊಳ್ಳಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. ಕರ್ಪೂರದ ಬಿಸಿ ಮುಖದ ಹತ್ತಿರ ಬಂತು. "ಕಣ್ಮುಚ್ಕಳಿ ಅಳಿಯಂದ್ರೆ, ಕಣ್ಣುರಿಯುತ್ತೆ." ಅವನು ಮುಚ್ಚಿದ. ಕತ್ತಲೆಯಲ್ಲಿ ಬೆಳಕು ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಬಂತು. ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ದೀಪಶ್ರೀ ಕೇಳಿದಳು.

"ನಾನು ಹತ್ತದೆ ಇದ್ದಿದ್ರೆ?"

ಅತ್ತೆ ಅವನ ಹಣೆಗೆ ಕುಂಕುಮ ಒತ್ತಿದರು. ಕರ್ಪೂರ ಉರಿದು ಮುಗಿಯಿತು. "ಆಯ್ತು, ಕಣ್ಬಿಡಿ ಅಳಿಯಂದ್ರೆ," ಎಂದರು.

ಅವನು ಬಿಡಲಿಲ್ಲ.